ಹೊಳೆಯ ಕಲ್ಲು-ಹೊಯ್ಗೆ ತೆಗೆಯುದಾ, ತಡೆಗೋಡೆ ಕಟ್ಟುದಾ, ಹೊಳೆಗೆ ಜಾಗ ಬಿಡುದಾ? ಬೆಳ್ತಂಗಡಿ ಕಡೆಯ ಹೊಳೆಬದಿಯವರಿಗೆ ಒಂದು ಹೋಲಿಕೆ

ಮೇ ತಿಂಗಳು ಬಂತಂದ್ರೆ ಬೆಳ್ತಂಗಡಿ ತಾಲೂಕಿನ ಹೊಳೆಬದಿಯ ಯಾವ ಊರಿಗೆ ಹೋದ್ರೂ ಒಂದೇ ಮಾತು, ಹೊಳೆ ತುಂಬಿ ಹೋಗಿದೆ, ಹಿಟಾಚಿ (ಅಗೆಯುವ ಮೆಷಿನ್) ತರಿಸಿ ಕಲ್ಲು ಹೊಯ್ಗೆ (ಮರಳು) ಎಲ್ಲ ಎತ್ತಿಸ್ಬೇಕು, ಇಲ್ಲಾಂದ್ರೆ ಈ ಸಲ ತೋಟ ಉಳಿಯುದಿಲ್ಲ. 2019ರ ಆಗಸ್ಟ್ 9ರ ನಂತರ ಈ ಮಾತು ಇನ್ನೂ ಜೋರಾಗಿದೆ, ಆಗುದು ಸಹಜವೇ. ಅವತ್ತು ಚಾರ್ಮಾಡಿ ಕಡೆ ಗುಡ್ಡಗಳು ಜರಿದು ಮೃತ್ಯುಂಜಯ ಹೊಳೆ, ನೆರಿಯ ಹೊಳೆ, ದಿಡುಪೆ ಕಡೆಯ ನೇತ್ರಾವತಿ ಎಲ್ಲ ಒಟ್ಟಿಗೆ ಮರ, ಬಂಡೆ, ಕೆಸರು ಹೊತ್ತುಕೊಂಡು ಬಂತಲ್ಲ, ಕೊಳಂಬೆಯಲ್ಲಿ ಅಡಿಕೆ ಇದ್ದ ಜಾಗ ಹೊಯ್ಗೆ ಗದ್ದೆಯ ಹಾಗೆ ಆಯ್ತು. ಅದನ್ನು ಕಂಡವರಿಗೆ ಹೊಳೆಯಲ್ಲಿ ಕಲ್ಲು ರಾಶಿ ಬಿದ್ದದ್ದು ನೋಡಿದ್ರೆ ಹೆದರಿಕೆ ಆಗ್ತದೆ, ಅದು ತಪ್ಪಲ್ಲ.

ಆದ್ರೆ ಹಿಟಾಚಿ ಒಂದೇ ದಾರಿ ಅಲ್ಲ. ಕಿಂಡಿ ಅಣೆಕಟ್ಟು (ಬೇಸಿಗೆಗೆ ಕಂಬಗಳ ನಡುವೆ ಹಲಗೆ ಹಾಕಿ ನೀರು ನಿಲ್ಲಿಸುವ ಕಟ್ಟ), ಸೇತುವೆಯ ಅಡಿ ಕ್ಲೀನ್ ಮಾಡುದು ಉಂಟು, ತಡೆಗೋಡೆ ಉಂಟು, ದಡದಲ್ಲಿ ಮರ ಬೆಳೆಸಿ ಹೊಳೆಗೆ ಸ್ವಲ್ಪ ಜಾಗ ಬಿಡುದು ಉಂಟು, ಮೇಲೆ ಗುಡ್ಡದಲ್ಲಿ ಮಾಡ್ಬೇಕಾದ ಕೆಲಸ ಉಂಟು. ಎಲ್ಲದಕ್ಕೂ ಒಂದೊಂದು ಜಾಗ, ಜಾಗ ತಪ್ಪಿದ್ರೆ ದುಡ್ಡು ನೀರಲ್ಲಿ ಹೋಗ್ತದೆ, ಹೊಳೆಯ ಮೀನೂ ಹೋಗ್ತದೆ. ಯಾವುದು ಯಾರಿಗೆ ಹೊಂದ್ತದೆ ಅಂತ ನನಗೆ ತಿಳಿದಷ್ಟು ಬರೀತಿದ್ದೇನೆ. ಇದು ಘಟ್ಟದ ಬುಡದ ಹೊಳೆಗಳ ಮಾತು: ಚಾರ್ಮಾಡಿ, ನೆರಿಯ, ಕಡಿರುದ್ಯಾವರ, ಮಿತ್ತಬಾಗಿಲು, ಶಿಶಿಲ, ಶಿಬಾಜೆ ಕಡೆಯವು. ಸುಳ್ಯದ ಪಯಸ್ವಿನಿಗೂ ಸುಬ್ರಹ್ಮಣ್ಯದ ಕುಮಾರಧಾರಕ್ಕೂ ಇದೇ ಲೆಕ್ಕ ಬಹುತೇಕ ಸರಿಹೋಗ್ತದೆ. ಮಂಗಳೂರು ಹತ್ರ ಉಪ್ಪುನೀರು ಏರಿ ಇಳಿಯುವ ಜಾಗದ ಮರಳು ದಿಬ್ಬದ ವಿಷಯ ಬೇರೆ, ಅದರ ಕಾನೂನೂ ಬೇರೆ, ಅದನ್ನು ಇಲ್ಲಿ ತರುದಿಲ್ಲ.

ಮೊದಲು ನಿಮ್ಮಲ್ಲಿ ನೀರು ಎಂತಕ್ಕೆ ಹತ್ತಿತು ಅಂತ ನೋಡಿ

ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡ್ತಾರೆ. ತೋಟಕ್ಕೆ ನೀರು ಬರುದಕ್ಕೆ ಮೂರು ಬಗೆಯ ಕಾರಣ. ಒಂದು, ಕೆಳಗಡೆ ಎಲ್ಲೋ ಅಡ್ಡ ಬಿದ್ದು ನೀರು ಹಿಂದಕ್ಕೆ ನಿಂತು ಏರುದು. ಎರಡನೇದು, ನೀರು ಅಷ್ಟೇನೂ ಏರದೆ ದಡವನ್ನೇ ಬುಡದಿಂದ ಕೊರೆದು ತಿನ್ನುದು. ಮೂರನೇದು ಗುಡ್ಡ ಜರಿದು ಕಲ್ಲು ಮಣ್ಣು ಮರ ಎಲ್ಲ ಗಂಜಿಯ ಹಾಗೆ ಒಟ್ಟಿಗೆ ಇಳಿದು ಬರುದು, 2019ರಲ್ಲಿ ಆದದ್ದು ಅದೇ.

ಗೊತ್ತಾಗುದು ಹೇಗೆ ಅಂದ್ರೆ ಬೊಳ್ಳ (ನೆರೆ) ಇಳಿದ ಮರುದಿನವೇ ಹೊಳೆಬದಿಯಲ್ಲಿ ನಡೀರಿ, ಮರದ ಕಾಂಡಕ್ಕೆ, ಬೇಲಿಗೆ ಕಸ, ಸೋಗೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿರ್ತದಲ್ಲ ಆ ಗುರುತಿನ ಎತ್ತರ ನೋಡ್ತಾ ಹೋಗಿ. ಸೇತುವೆಯೋ ಕಿಂಡಿ ಅಣೆಕಟ್ಟೋ ಇದ್ದಲ್ಲಿ ಮೇಲ್ಗಡೆ ಗುರುತು ಎತ್ತರದಲ್ಲಿದ್ದು, ಅದನ್ನು ದಾಟಿದ ಕೂಡಲೇ ಕೆಳಗಡೆ ಎರಡು ಮೂರು ಅಡಿ ಕಡಿಮೆ ಇದ್ರೆ ಕಳ್ಳ ಅಲ್ಲೇ ಉಂಟು, ಹೊಳೆಯ ಉಳಿದ ಭಾಗ ಎಷ್ಟು ತೋಡಿದ್ರೂ ಪ್ರಯೋಜನ ಇಲ್ಲ. ತೋಟದಲ್ಲಿ ಎಂತ ಬಿದ್ದಿದೆ ಅಂತಲೂ ನೋಡಿ. ನುಣ್ಣನೆ ಕೆಸರು ಕೂತಿದ್ರೆ ನೀರು ಅಲ್ಲಿ ನಿಂತಿತ್ತು ಅಂತ ಲೆಕ್ಕ, ಉರುಟು ಕಲ್ಲು, ದಪ್ಪ ಹೊಯ್ಗೆ ಬಿದ್ದಿದ್ರೆ ಹೊಳೆಯೇ ನಿಮ್ಮ ತೋಟದ ಮೇಲೆ ರಭಸದಲ್ಲಿ ಹರಿದಿದೆ. ಫೋನಲ್ಲಿ ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ಅಳತೆ ಕೋಲು ಹಿಡಿದು. ಮುಂದೆ ಅರ್ಜಿ ಬರೆಯುವಾಗ ಇದರಷ್ಟು ಬಲ ಯಾವ ಭಾಷಣಕ್ಕೂ ಇಲ್ಲ.

ಹೊಳೆಯಿಂದ ಕಲ್ಲು ಹೊಯ್ಗೆ ತೆಗೆಸುದು

ಎಲ್ಲರೂ ಕೇಳುದು ಇದನ್ನೇ ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

ಒಂದು ಲೆಕ್ಕ ಹಾಕಿ. 40 ಮೀಟರ್ ಅಗಲದ ಹೊಳೆ, ನಿಮ್ಮ ತೋಟದ ಎದುರು 200 ಮೀಟರ್ ಉದ್ದಕ್ಕೆ ಒಂದು ಮೀಟರ್ ಆಳ ತೆಗೆಸ್ತೀರಿ ಅಂತ ಇಟ್ಟುಕೊಳ್ಳಿ, 8,000 ಘನ ಮೀಟರ್ ಆಯ್ತು. ಟಿಪ್ಪರಿಗೆ 6 ಘನ ಮೀಟರ್ ಅಂತ ಹಿಡಿದ್ರೂ 1,300 ಲೋಡಿಗಿಂತ ಜಾಸ್ತಿ. ಇಷ್ಟು ತೆಗೆದ್ರೆ ಬೊಳ್ಳದ ನೀರು ಒಂದು ಮೀಟರ್ ಇಳೀತದಾ? ಇಲ್ಲ. ಇಳಿಜಾರು ಕಡಿಮೆ ಇರುವ ಜಾಗದಲ್ಲಿ ನೀರಿನ ಎತ್ತರವನ್ನು ತೀರ್ಮಾನ ಮಾಡುದು ಕೆಳಗಿನ ಬಾಗಿಲು, ಅಂದ್ರೆ ಕೆಳಗಡೆ ಇರುವ ಸೇತುವೆ, ಕಿಂಡಿ ಅಣೆಕಟ್ಟು, ಬಂಡೆಗಳ ನಡುವಿನ ಇಕ್ಕಟ್ಟು, ಇಲ್ಲಾ ಇನ್ನೊಂದು ಹೊಳೆ ಬಂದು ಸೇರುವ ಸಂಗಮ. ಆ ಬಾಗಿಲು ಹಾಗೇ ಇದ್ರೆ ನೀವು ತೋಡಿದ ಗುಂಡಿಯಲ್ಲಿ ಮಳೆ ಶುರುವಾದ ಕೂಡಲೇ ನೀರು ತುಂಬಿ ನಿಲ್ತದೆ, ಅದರ ಮೇಲಿಂದ ಬೊಳ್ಳ ಮೊದಲಿನ ಹಾಗೇ ಬರ್ತದೆ. ಗುಂಡಿಯೂ ಹೆಚ್ಚು ದಿನ ಉಳಿಯುದಿಲ್ಲ, ಗುಡ್ಡ ಜರಿದ ಮೇಲಿನ ವರ್ಷಗಳಲ್ಲಿ ಮೇಲೆ ಸಡಿಲ ಕಲ್ಲು ಮಣ್ಣು ರಾಶಿ ಕಾಯ್ತಾ ಇರ್ತದೆ, ಒಂದು ಒಳ್ಳೇ ಮಳೆಗಾಲ ಸಾಕು ಪುನಃ ತುಂಬ್ಲಿಕ್ಕೆ.

ಇಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಬಿಡಬಹುದಿತ್ತು. ಆದ್ರೆ ಹೊಳೆಯ ತಳವನ್ನು ಒಂದು ಕಡೆ ಆಳ ಮಾಡಿದ್ರೆ ಅದರ ಮೇಲ್ತುದಿಯಲ್ಲಿ ಒಂದು ಮೆಟ್ಟಿಲು ಉಂಟಾಗ್ತದೆ, ನೀರು ಆ ಮೆಟ್ಟಿಲನ್ನು ಕೊರೆಯುತ್ತಾ ಮೇಲಕ್ಕೆ ಮೇಲಕ್ಕೆ ಹೋಗ್ತದೆ, ನೀವು ಮುಟ್ಟದ ಜಾಗದಲ್ಲಿ, ನಾಲ್ಕು ಮನೆ ಮೇಲಿನವರ ದಡದ ಬುಡ ಟೊಳ್ಳಾಗಿ ತೆಂಗು ಅಡಿಕೆ ಸಮೇತ ಕುಸೀತದೆ. ಕೆಳಗಡೆಯೂ ಹಾಗೇ, ಕಲ್ಲು ಹೊತ್ತು ತರ್ಬೇಕಾದ ನೀರು ಗುಂಡಿಯಲ್ಲಿ ಎಲ್ಲ ಇಳಿಸಿ ಖಾಲಿಯಾಗಿ ಮುಂದೆ ಹೋದ್ರೆ ಅಲ್ಲಿಯ ತಳವನ್ನೂ ದಡವನ್ನೂ ಕೊರೀತದೆ, ಸೇತುವೆಯ ಕಂಬದ ಬುಡ ಕಾಣ್ಲಿಕ್ಕೆ ಶುರುವಾಗುದು ಹೀಗೆ. ಇನ್ನೊಂದು, ಹೊಳೆ ತಳ ಇಳಿದ್ರೆ ಬದಿಯ ಬಾವಿಗಳ ನೀರೂ ಇಳೀತದೆ. ಮಳೆಗಾಲದಲ್ಲಿ ಬೊಳ್ಳ ಬರ್ತದೆ ಅಂತ ತೋಡಿಸಿ ಏಪ್ರಿಲಲ್ಲಿ ಪಂಪಿಗೆ ನೀರಿಲ್ಲ ಅಂತ ಅಳುವ ಸ್ಥಿತಿ ಯಾರಿಗೂ ಬೇಡ.

ಈಗ ಮೀನಿನ ಕಡೆಯಿಂದ ನೋಡುವ. ಜನವರಿ ಫೆಬ್ರವರಿಯಲ್ಲಿ ಹೊಳೆ ತೆಳ್ಳಗೆ ಸದ್ದು ಮಾಡ್ತಾ ಹರಿಯುವ ಜಾಗಕ್ಕೆ ಹೋಗಿ ಒಂದು ಅಂಗೈ ಅಗಲದ ಕಲ್ಲು ಎತ್ತಿ ನೋಡಿ. ಮೇಲಿನ ಪದರದಲ್ಲಿ ಇಂಥ ದೊಡ್ಡ ಕಲ್ಲುಗಳು ಒಂದಕ್ಕೊಂದು ಒರಗಿ ಬಿಗಿಯಾಗಿ ಕೂತಿರ್ತವೆ, ಅದರಡಿ ಸಣ್ಣ ಉರುಟು ಕಲ್ಲು, ಅದರಡಿ ದಪ್ಪ ಹೊಯ್ಗೆ, ಸಂದಿಯಲ್ಲೆಲ್ಲ ತಣ್ಣನೆ ನೀರು ಓಡ್ತಾ ಇರ್ತದೆ. ಎತ್ತಿದ ಕಲ್ಲಿನ ಅಡಿಭಾಗ ನೋಡಿದ್ರೆ ಹೊಯ್ಗೆ ಕಾಳು ಅಂಟಿಸಿ ಮಾಡಿದ ಚಿಕ್ಕ ಚಿಕ್ಕ ಕೊಳವೆಗಳು, ಅದರೊಳಗೆ ಹುಳ, ಪಕ್ಕದಲ್ಲಿ ಚಪ್ಪಟೆ ಮೈಯ ಇನ್ನೊಂದು ಹುಳ ಸರ್ರನೆ ಓಡ್ತದೆ. ಹೊಳೆಯ ಎಷ್ಟೋ ಜಾತಿ ಮೀನಿಗೆ ಊಟ ಇದೇ. ಮಹಶೀರ್ ಅನ್ನುವ ದೊಡ್ಡ ಹೊಳೆಮೀನು ಮಳೆಗಾಲದಲ್ಲಿ ನೀರು ಏರಿದಾಗ ಮೇಲಕ್ಕೆ ಹೋಗಿ ಮೊಟ್ಟೆ ಇಡುದೂ ಇಂಥ ಕಲ್ಲು ಹೊಯ್ಗೆ ತಳದಲ್ಲೇ. ಮೊಟ್ಟೆ ತಳಕ್ಕೆ ಇಳಿದು ಕಲ್ಲಿನ ಸಂದಿಯಲ್ಲಿ ಕೂತು ಮೂರು ನಾಲ್ಕು ದಿನದಲ್ಲಿ ಒಡೀತದೆ, ಆಮೇಲೆ ಮರಿಗಳು ಹೊಟ್ಟೆಯಲ್ಲಿರುವ ಹಳದಿ ಚೀಲ ಕರಗುವ ತನಕ ಅದೇ ಸಂದಿಯಲ್ಲಿ ಅಡಗಿ ಇರ್ತವೆ. ಸಂದಿಯಲ್ಲಿ ನೀರು ಓಡಿದ್ರೆ ಮಾತ್ರ ಅವು ಬದುಕುದು.

ಹಿಟಾಚಿಯ ಬಕೆಟ್ ಮೊದಲು ಎತ್ತುದು ಆ ಮೇಲಿನ ಪದರವನ್ನು. ಅದು ಹೋದ ಮೇಲೆ ಅಡಿಯ ಸಣ್ಣ ಹೊಯ್ಗೆ, ಕೆಸರು ಸಡಿಲ ಆಗಿ ಕೆಳಗಿನ ಎಲ್ಲ ಸಂದಿಗಳನ್ನು ತುಂಬ್ತದೆ. ಮೇಲಿಂದ ನೋಡುವವರಿಗೆ ಹೊಳೆ ನೀಟಾಗಿ ಕಾಣ್ತದೆ, ಚಪ್ಪಟೆಯಾಗಿ, ಅಗಲವಾಗಿ. ಮೀನಿಗೆ ಅಲ್ಲಿ ಏನೂ ಇಲ್ಲ.

ಶಿಶಿಲದ ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ದೇವರ ಮೀನು ಅಂತ ಮಹಶೀರ್‌ಗಳನ್ನು ಕಾಪಾಡಿಕೊಂಡು ಬಂದದ್ದು ನಮ್ಮ ತಾಲೂಕಿನವರೇ ಅಲ್ವಾ, 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿಗೆ ಊರೇ ಮನೆಯವರು ಹೋದ ಹಾಗೆ ದುಃಖ ಪಟ್ಟದ್ದೂ ಇಲ್ಲೇ. ಶೃಂಗೇರಿಯಲ್ಲಿ ತುಂಗೆಯ ಮೀನು, ಅರಕಲಗೂಡಿನ ರಾಮನಾಥಪುರದಲ್ಲಿ ಕಾವೇರಿಯ ಮೀನು, ಎಲ್ಲ ಕಡೆ ಮೆಟ್ಟಿಲ ಹತ್ರದ ಗುಂಡಿಯಲ್ಲಿ ಇರುವ ಮೀನನ್ನು ಕಾಯ್ತೇವೆ, ಸರಿಯೇ. ಆದ್ರೆ ಆ ಮೀನಿಗೆ ಮೆಟ್ಟಿಲಿನ ಎದುರಿನ ಜಾಗ ಮಾತ್ರ ಸಾಕಾಗುದಿಲ್ಲ, ಮೇಲಿನ ಕಲ್ಲು ತಳವೂ ಬೇಕು, ಬೇಸಿಗೆಗೆ ನೀರು ಉಳಿಯುವ ಆಳದ ಗುಂಡಿ, ಅಂದ್ರೆ ಕಯವೂ ಬೇಕು.

ಈ ಕಯದ ವಿಷಯದಲ್ಲಿ ಮಾತ್ರ ಕಲ್ಲು ತೆಗೆಯುವವರ ಮಾತಲ್ಲೂ ನ್ಯಾಯ ಉಂಟು ಅಂತ ನಾನು ಒಪ್ತೇನೆ. ಗುಡ್ಡ ಜರಿದು ಬಂದ ಮಣ್ಣು ಕಲ್ಲು ಬೇಸಿಗೆಯ ಕಯಗಳನ್ನೇ ತುಂಬಿಬಿಟ್ರೆ ಮಾರ್ಚ್ ಏಪ್ರಿಲಲ್ಲಿ ಮೀನಿಗೆ ಉಳೀಲಿಕ್ಕೆ ಜಾಗ ಇಲ್ಲ. ಅಂಥ ಕಡೆ ಹೊಸತಾಗಿ ಬಿದ್ದದ್ದನ್ನು ಎಚ್ಚರದಲ್ಲಿ ತೆಗೆದ್ರೆ ಮೀನಿಗೂ ಒಳ್ಳೇದು. ಹೊಳೆಯ ಕಲ್ಲನ್ನು ಯಾವತ್ತೂ ಮುಟ್ಲೇಬಾರ್ದು ಅಂತ ಹೇಳುದು ನನ್ನ ವಾದ ಅಲ್ಲ.

ದೂರದ ಒಂದು ಉದಾಹರಣೆ ಹೇಳ್ತೇನೆ, ಯಾಕಂದ್ರೆ ನಮ್ಮ ಜಗಳವೇ ಅಲ್ಲಿ ನಡೆದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಫ್ರೇಸರ್ ನದಿ ಬೆಟ್ಟ ಬಿಟ್ಟು ಬಯಲಿಗೆ ಇಳಿಯುವಲ್ಲಿ ಜಲ್ಲಿ ರಾಶಿ ಹಾಕ್ತದೆ, ಅದರಿಂದ ನೆರೆ ಹೆಚ್ಚಾಗ್ತದೆ, ತೆಗೀರಿ ಅಂತ ದಡದ ಊರಿನವರ ಒತ್ತಾಯ. ಅಲ್ಲಿ 1894ರಲ್ಲೂ 1948ರಲ್ಲೂ ದೊಡ್ಡ ನೆರೆ ಬಂದಿದೆ, ಹಾಗಾಗಿ ಅವರ ಹೆದರಿಕೆಯೂ ಸುಮ್ಮನೆ ಅಲ್ಲ. 2006ರಲ್ಲಿ ಚಿಲಿವಾಕ್ ಹತ್ರ ಒಂದು ಜಲ್ಲಿ ದಿಬ್ಬಕ್ಕೆ ಲಾರಿ ಹೋಗ್ಲಿಕ್ಕೆ ಅಂತ ಪಕ್ಕದ ಕವಲಿಗೆ ಅಡ್ಡ ಮಣ್ಣು ದಾರಿ ಹಾಕಿದ್ರು, ಕವಲಿನ ನೀರು ಇಳೀತು, ತಳದ ಜಲ್ಲಿಯೊಳಗೆ ಇದ್ದ ಪಿಂಕ್ ಸಾಲ್ಮನ್ ಮರಿಗಳು ಲಕ್ಷಗಟ್ಟಲೆ ಒಣಗಿ ಸತ್ತವು. ಜಲ್ಲಿ ತೆಗೆದದ್ದಕ್ಕಿಂತ ಜಲ್ಲಿಗೆ ಹೋಗುವ ದಾರಿಯೇ ಕೊಂದದ್ದು. ನೆರೆಯ ಲೆಕ್ಕ ಹಾಕಿದ ಅಲ್ಲಿಯ ಎಂಜಿನಿಯರುಗಳಿಗೂ ಸಿಕ್ಕಿದ ಉತ್ತರ ಎಂತ ಅಂದ್ರೆ ಅಲ್ಲೊಂದು ಇಲ್ಲೊಂದು ದಿಬ್ಬ ತೆಗೆದ್ರೆ ದೊಡ್ಡ ನೆರೆಯ ಮಟ್ಟ ಇಳಿಯುದು ತೀರಾ ಸ್ವಲ್ಪ. ಹಾಗಾಗಿ ನಮ್ಮಲ್ಲಿ ಟಿಪ್ಪರ್ ಹೋಗ್ಲಿಕ್ಕೆ ಹೊಳೆಗೆ ಅಡ್ಡ ಮಣ್ಣು ಸುರೀತಾರಲ್ಲ, ಅದನ್ನು ಕಂಡ ಕೂಡಲೇ ನಿಲ್ಸಿ ಅಂತ ಕೇಳ್ಬೇಕು.

ಕಾನೂನಿನ ಕಡೆ ಗೊತ್ತಿರ್ಬೇಕಾದ್ದು ಇಷ್ಟು. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಸಣ್ಣ ಮರಳು ಗಣಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿತು. ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿ ಪ್ರಕಾರ ತೆಗೆಯುವ ಆಳ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅದು. ದಡದಿಂದ ಹೊಳೆಯ ಅಗಲದ ಕಾಲು ಭಾಗ ಬಿಡ್ಬೇಕು, ಅದೂ 7.5 ಮೀಟರಿಗೆ ಕಡಿಮೆ ಇರಬಾರ್ದು. ಸೇತುವೆಯಿಂದ ಮೇಲಕ್ಕೆ ಕಡಿಮೆ ಅಂದ್ರೂ 250 ಮೀಟರ್, ಕೆಳಕ್ಕೆ 500 ಮೀಟರ್ ಗಣಿಗಾರಿಕೆ ಇಲ್ಲ. ಆದ್ರೆ ಅದೇ ವರ್ಷ ಆ ಸಚಿವಾಲಯ ಹೊರಡಿಸಿದ ಅಧಿಸೂಚನೆಯ ವಿನಾಯಿತಿ ಪಟ್ಟಿಯಲ್ಲಿ ನಿರ್ವಹಣೆಗೆ, ವಿಪತ್ತು ನಿರ್ವಹಣೆಗೆ ಅಂತ ನದಿಯ ಹೂಳು ತೆಗೆದ್ರೆ ಪರಿಸರ ಅನುಮತಿಯಿಂದ ವಿನಾಯಿತಿ ಉಂಟು. ಇದು ಬೇಕಾದ ವಿನಾಯಿತಿ, ಬೊಳ್ಳ ಬಂದು ಸೇತುವೆ ಕಟ್ಟಿಕೊಂಡಿರುವಾಗ ಅನುಮತಿಗೆ ಕಾಯ್ತಾ ಕೂರ್ಲಿಕ್ಕಾಗುದಿಲ್ಲ. ಆದ್ರೆ ನೆರೆಯ ಹೆಸರಲ್ಲಿ ಒಳ್ಳೇ ಹೊಯ್ಗೆ ಮಾತ್ರ ಆರಿಸಿ ಸಾಗಿಸ್ಲಿಕ್ಕೂ ಇದೇ ಬಾಗಿಲು. ವ್ಯತ್ಯಾಸ ಗುರುತಿಸುದು ಸುಲಭ: ಮಣ್ಣು, ಮರದ ಬೊಡ್ಡೆ, ಬಂಡೆ ಎಲ್ಲ ಅಲ್ಲೇ ಬಿಟ್ಟು ಹೊಯ್ಗೆ ಮಾತ್ರ ಹೋಗ್ತಾ ಇದ್ರೆ ಅದು ನೆರೆ ತಡೆಯುವ ಕೆಲಸ ಅಲ್ಲ.

ಇನ್ನು ನಿಮ್ಮ ತೋಟ ಗದ್ದೆಯ ಮೇಲೆ ಬಿದ್ದ ಹೊಯ್ಗೆಯ ವಿಷಯ ಬೇರೆ, ನೆರೆಯ ನಂತರ ರೈತರು ಕೃಷಿಭೂಮಿಯಿಂದ ಹೊಯ್ಗೆ ತೆಗೆಯುದಕ್ಕೆ ಪರಿಸರ ಅನುಮತಿ ಬೇಡ ಅಂತ ಅದೇ ಪಟ್ಟಿಯಲ್ಲಿ ಉಂಟು. ಅಡಿಕೆ ಬುಡಕ್ಕೆ ಮೂರು ನಾಲ್ಕು ಅಡಿ ಹೊಯ್ಗೆ ಬಿದ್ದಿದ್ರೆ ಬೇರಿಗೆ ಗಾಳಿ ಇಲ್ಲದೆ ಮರ ಸೊರಗ್ತದೆ, ಬೇಗ ತೆಗೀರಿ. ಹೊರಗೆ ಸಾಗಿಸುದು, ಮಾರುದು ಅಂತಾದ್ರೆ ಮಾತ್ರ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಪರ್ಮಿಟ್ ಕೇಳಿಯೇ ಮುಂದೆ ಹೋಗಿ.

ಕಿಂಡಿ ಅಣೆಕಟ್ಟು, ಸೇತುವೆ ಮೋರಿ ಬಿಡಿಸುದು

ನನ್ನನ್ನು ಕೇಳಿದ್ರೆ ಮೊದಲ ದುಡ್ಡು ಇಲ್ಲಿಗೇ ಹೋಗ್ಬೇಕು. ಖರ್ಚು ಕಡಿಮೆ, ಪರಿಣಾಮ ಅದೇ ಮಳೆಗಾಲಕ್ಕೆ ಕಾಣ್ತದೆ, ಮೀನಿಗೆ ಹಾನಿ ಹೆಚ್ಚು ಇಲ್ಲ.

ಮೊದಲು ನಮ್ಮಲ್ಲಿ ಕಟ್ಟ ಕಟ್ತಿದ್ದದ್ದು, ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಸೇರಿಸಿ ಊರಿನವರೆಲ್ಲ ಸೇರಿ. ಬೇಸಿಗೆ ಇಡೀ ನೀರು ನಿಲ್ತಿತ್ತು, ಮಳೆಗಾಲದ ಮೊದಲ ಬೊಳ್ಳಕ್ಕೆ ತಾನಾಗಿಯೇ ಕೊಚ್ಚಿ ಹೋಗ್ತಿತ್ತು, ಹೊಳೆ ತೆರೆದುಕೊಳ್ತಿತ್ತು, ಹತ್ತುಮೀನು (ಮೊದಲ ಮಳೆಗೆ ಹೊಳೆಯ ಮೇಲಕ್ಕೆ ಹೊರಡುವ ಮೀನು) ಹತ್ತಿ ಹೋಗ್ತಿತ್ತು. ಈಗ ಕಾಂಕ್ರೀಟಿನ ಕಿಂಡಿ ಅಣೆಕಟ್ಟು. ನೀರಿಗೆ ಒಳ್ಳೇದೇ, ಬಾವಿಗಳಲ್ಲಿ ನೀರು ಏರಿದೆ, ಅದನ್ನು ಯಾರೂ ಅಲ್ಲಗಳೆಯುದಿಲ್ಲ. ಆದ್ರೆ ಕಂಬಗಳು ಮಳೆಗಾಲದಲ್ಲೂ ಅಲ್ಲೇ ನಿಂತಿರ್ತವೆ. ಕಂಬದ ನಡುವೆ ಒಂದು ಬೊಡ್ಡೆ ಅಡ್ಡ ಸಿಕ್ಕಿತು ಅಂದ್ರೆ ಅದಕ್ಕೆ ಬಿದಿರಿನ ಹಿಂಡು, ಅದಕ್ಕೆ ಕಸ, ಅದಕ್ಕೆ ಕಲ್ಲು, ಅರ್ಧ ಗಂಟೆಯಲ್ಲಿ ಕಿಂಡಿಗಳು ಮುಚ್ಚಿ ಗೋಡೆ ಆಗ್ತದೆ, ಹೊಳೆ ಬದಿಯಿಂದ ದಾರಿ ಮಾಡ್ಕೊಂಡು ಯಾರದೋ ತೋಟದ ಒಳಗಿಂದ ಹೋಗ್ತದೆ. ಅಣೆಕಟ್ಟಿನ ಬದಿಯ ದಡ ಕೊಚ್ಚಿ ಹೋಗಿ ಅಣೆಕಟ್ಟು ಮಾತ್ರ ಹೊಳೆಯ ನಡುವೆ ಒಂಟಿಯಾಗಿ ನಿಂತದ್ದನ್ನು ನೀವೂ ನೋಡಿರ್ಬಹುದು.

ಹಾಗಾಗಿ ಹಲಗೆ ತೆಗೆಯುದು ಮೇ ಕೊನೆಯ ಒಳಗೆ ಆಗ್ಲೇಬೇಕು, ಮಳೆ ಶುರುವಾದ ಮೇಲೆ ನೀರಿನ ಒತ್ತಡಕ್ಕೆ ಹಲಗೆ ಎಳೀಲಿಕ್ಕೇ ಆಗುದಿಲ್ಲ. ಕಿಂಡಿಯ ಮೇಲ್ಗಡೆ ಕೂತ ಹೂಳು, ಕಲ್ಲು ತೆಗೆಯುದಕ್ಕೆ ಸರಿಯಾದ ಸಮಯ ಎರಡೇ. ನವೆಂಬರ್ ಡಿಸೆಂಬರಲ್ಲಿ ಹಲಗೆ ಹಾಕುವ ಮೊದಲು, ಇಲ್ಲಾ ಮೇಯಲ್ಲಿ ಹಲಗೆ ತೆಗೆದು ಮಳೆಗೆ ಮೊದಲು. ನಡುವೆ ಎಲ್ಲ ನೀರಿನಡಿ ಇರ್ತದೆ. ಎರಡರಲ್ಲಿ ಮೊದಲಿನದ್ದೇ ವಾಸಿ, ಮೇಯಲ್ಲಿ ಒಂದು ದೊಡ್ಡ ಮಳೆ ಬಂದ್ರೆ ಕೆಲಸ ಅರ್ಧಕ್ಕೆ ನಿಂತು ಸಡಿಲ ಮಣ್ಣೆಲ್ಲ ಕೆಳಗೆ ಹೋಗ್ತದೆ. ಮೇಲ್ಗಡೆ ಒಂದು ಕಿಲೋಮೀಟರ್ ದೂರದ ತನಕ ಬಿದ್ದ ದೊಡ್ಡ ಬೊಡ್ಡೆಗಳನ್ನು ಅರಣ್ಯ ಇಲಾಖೆಗೆ ಹೇಳಿ ತುಂಡು ಮಾಡಿಸಿ. ದಡಕ್ಕೆ ಒರಗಿ ಬಿದ್ದ ಸಣ್ಣ ಮರ, ಬೇರುಬುಡ ಇದ್ರೆ ಬಿಡಿ, ಅದರಡಿ ಮೀನು ನೆರಳಿಗೆ ನಿಲ್ತದೆ, ಅವು ಬೊಳ್ಳಕ್ಕೆ ಕಾರಣ ಅಲ್ಲ.

ಹೊಸ ಕಿಂಡಿ ಅಣೆಕಟ್ಟು ಬರುವ ಊರಾದ್ರೆ ಈಗಲೇ ಕೇಳಿ: ಕಿಂಡಿಯ ಅಗಲ ಜಾಸ್ತಿ ಇರ್ಲಿ, ಕಂಬ ಕಡಿಮೆ ಇರ್ಲಿ, ತಳದ ಕಾಂಕ್ರೀಟು ಹೊಳೆಯ ತಳಕ್ಕಿಂತ ಎತ್ತರ ಆಗದಿರ್ಲಿ. ಕೆಳಗಡೆ ಎರಡಡಿ ಜಿಗಿತ ಉಳಿದ್ರೆ ಸಣ್ಣ ಮೀನು ಹತ್ಲಿಕ್ಕಾಗುದಿಲ್ಲ. ಕಟ್ಟಿದ ಮೇಲೆ ಇದನ್ನು ಸರಿ ಮಾಡುದು ಕಷ್ಟ.

ತಡೆಗೋಡೆ

ತಡೆಗೋಡೆ ಬೇಕಾದ್ದು ಎರಡನೇ ಬಗೆಯವರಿಗೆ, ದಡ ಕೊರೆದು ಹೋಗುವವರಿಗೆ. ಹೊಳೆ ತಿರುಗುವಲ್ಲಿ ಹೊರಬದಿಯಲ್ಲಿ ಮನೆ, ರಸ್ತೆ, ದೈವಸ್ಥಾನ ಇದ್ರೆ ಬೇರೆ ದಾರಿ ಇಲ್ಲ, ಕಟ್ಲೇಬೇಕು. ಮನೆಯನ್ನು ಹೊಳೆಗೆ ಬಿಟ್ಟುಕೊಡಿ ಅಂತ ಯಾರೂ ಹೇಳುದಿಲ್ಲ.

ಆದ್ರೆ ನೀರು ಏರಿ ದಡ ದಾಟಿ ತೋಟಕ್ಕೆ ಬರುವವರಿಗೆ ಗೋಡೆ ಕಟ್ಟಿ ಲಾಭ ಕಡಿಮೆ, ತೋಟದ ಒಳಗಿನ ಮಳೆನೀರು ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲದೆ ಒಳಗೇ ನಿಲ್ತದೆ. ಎದುರು ದಡದವರಿಗೂ ತೊಂದರೆ, ಈ ಬದಿ ಗಟ್ಟಿಯಾದ್ರೆ ನೀರಿನ ರಭಸ ಆ ಬದಿಗೆ. ಆಮೇಲೆ ಅವರೂ ಗೋಡೆ ಕೇಳ್ತಾರೆ, ಎರಡೂ ಬದಿ ಗೋಡೆ ಆಗಿ ಹೊಳೆ ಚರಂಡಿ ಆಗ್ತದೆ, ನೀರು ಇನ್ನೂ ಜೋರಾಗಿ ಕೆಳಗಿನ ಊರಿಗೆ ಹೋಗ್ತದೆ.

ಗೋಡೆ ಬೀಳುದು ಮೇಲಿಂದ ಅಲ್ಲ, ಬುಡದಿಂದ. ಅಡಿಪಾಯ ಹೊಳೆ ಕೊರೆಯುವ ಆಳಕ್ಕಿಂತ ಕೆಳಗೆ ಹೋಗಿರ್ಬೇಕು, ಬುಡಕ್ಕೆ ದೊಡ್ಡ ಬಂಡೆ ಹಾಕಿರ್ಬೇಕು, ಹಿಂದಿನ ನೀರು ಹೊರಗೆ ಬರ್ಲಿಕ್ಕೆ ತೂತು ಬಿಟ್ಟಿರ್ಬೇಕು. ಗೋಡೆ ಕಟ್ಟಿಸಿ ಅದೇ ಗೋಡೆಯ ಎದುರಿಂದಲೇ ಹೊಯ್ಗೆ ತೆಗೆಯುದನ್ನೂ ಕಂಡಿದ್ದೇನೆ, ಮಾರಾಯ್ರೆ, ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ, ಸರ್ಕಾರದ ದುಡ್ಡನ್ನು ಒಂದು ಕೈಯಲ್ಲಿ ಹಾಕಿ ಇನ್ನೊಂದು ಕೈಯಲ್ಲಿ ಕೆಡವಿದ ಹಾಗೆ. ಕಾಂಕ್ರೀಟಿಗಿಂತ ತಂತಿಬಲೆಯೊಳಗೆ ಕಲ್ಲು ತುಂಬಿಸಿ ಮೆಟ್ಟಿಲ ಹಾಗೆ ಇಡುದು ಎಷ್ಟೋ ಕಡೆ ಉತ್ತಮ, ತಳ ಸ್ವಲ್ಪ ಜಾರಿದ್ರೂ ಬಗ್ಗಿ ಕೂರ್ತದೆ, ಸಂದಿಯಲ್ಲಿ ಗಿಡ ಬರ್ತದೆ, ಮೀನಿಗೂ ಅಡಗ್ಲಿಕ್ಕೆ ಸಂದಿ ಸಿಗ್ತದೆ. ಬಂಡೆ ಉರುಳಿ ಬರುವ ಹೊಳೆಯಲ್ಲಿ ಮಾತ್ರ ತಂತಿ ಕಡಿದು ಹೋಗ್ತದೆ, ಅಲ್ಲಿ ಬೇಡ.

ಹೊಳೆಗೆ ಜಾಗ ಬಿಡುದು, ದಡದಲ್ಲಿ ಮರ

ಇದನ್ನು ಹೇಳಿದ್ರೆ ಸಿಟ್ಟು ಬರ್ತದೆ ಅಂತ ಗೊತ್ತುಂಟು. ಅರ್ಧ ಎಕರೆ ಇರುವವರಿಗೆ ಎರಡು ಸಾಲು ಅಡಿಕೆ ಬಿಟ್ಟುಕೊಡಿ ಅನ್ನುದು ಸುಲಭದ ಮಾತಲ್ಲ. ಆದ್ರೂ ಹೇಳ್ತೇನೆ, ಹೊಳೆಯ ಅಂಚಿನ ಆ ಎರಡು ಸಾಲು ಹೇಗೂ ಬೊಳ್ಳಕ್ಕೆ ಹೋಗುವ ಸಾಲು. ಅಡಿಕೆಯ ಬೇರು ಆಳಕ್ಕೆ ಹೋಗುವಂಥದ್ದಲ್ಲ, ಬುಡದ ಸುತ್ತ ಹರಡಿರುದು, ಅಂಚಿನ ಮಣ್ಣು ಹಿಡಿಯುವ ಶಕ್ತಿ ಅದಕ್ಕಿಲ್ಲ. ಅಲ್ಲಿ ಹೊಂಗೆ, ನೀರುನೇರಳೆ, ಹೊಳೆಮತ್ತಿ, ನೀರಿಗೆ ತಾಗಿದ ಹಾಗೆ ಮುಂಡೇವು, ಸ್ವಲ್ಪ ಮೇಲೆ ಬಿದಿರು ಇದ್ರೆ ದಡ ನಿಲ್ತದೆ. ಹಳೇ ಹೊಳೆಬದಿಯಲ್ಲೆಲ್ಲ ಇದ್ದದ್ದು ಇವೇ, ತೋಟ ವಿಸ್ತರಿಸುವಾಗ ಕಡಿದದ್ದು ನಾವು. ಇನ್ನೊಂದು ದೊಡ್ಡ ಗುಣ, ಕಲ್ಲು ಮರ ಹೊತ್ತು ಬಂದ ನೀರು ಈ ಮರಗಳ ಸಾಲನ್ನು ಸೋಸಿಕೊಂಡು ತೋಟಕ್ಕೆ ಬರ್ತದೆ, ಬೊಡ್ಡೆ ಬಂಡೆ ಹೊರಗೇ ಉಳೀತದೆ, ಒಳಗೆ ಬರುದು ಕೆಸರು ನೀರು ಮಾತ್ರ. ಕೆಸರು ತೋಟಕ್ಕೆ ಗೊಬ್ಬರ.

ಮೀನಿಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ನೆರಳಿಂದ ಬೇಸಿಗೆ ನೀರು ತಣ್ಣಗಿರ್ತದೆ, ನೇರಳೆ ಹಣ್ಣು, ಹುಳ ಎಲ್ಲ ನೀರಿಗೆ ಬೀಳ್ತದೆ, ಮಹಶೀರ್ ಹಣ್ಣನ್ನೂ ತಿಂತದೆ. ಕೊರತೆ ಎಂತ ಅಂದ್ರೆ ಸಮಯ. ಇವತ್ತು ನೆಟ್ರೆ ಗಟ್ಟಿ ಬೇರು ಹಿಡೀಲಿಕ್ಕೆ ಕೆಲವು ವರ್ಷ ಬೇಕು, ಅಷ್ಟರಲ್ಲಿ ಒಂದು ದೊಡ್ಡ ಬೊಳ್ಳ ಬಂದ್ರೆ ಸಸಿಯೂ ಹೋಗ್ತದೆ, ಪುನಃ ನೆಡ್ಬೇಕು. ಉದ್ಯೋಗ ಖಾತ್ರಿಯಂಥ ಯೋಜನೆಯಲ್ಲಿ ದಡದ ಗಿಡ ನೆಡುವ ಕೆಲಸ ಸೇರಿಸ್ಲಿಕ್ಕೆ ಆಗ್ತದಾ ಅಂತ ಪಂಚಾಯತಲ್ಲಿ ಕೇಳಿ.

ಹಳೇ ಕವಲುಗಳ ವಿಷಯವೂ ಇದರಲ್ಲೇ ಬರ್ತದೆ. ಎಷ್ಟೋ ಕಡೆ ಹೊಳೆಗೆ ಮಳೆಗಾಲದಲ್ಲಿ ಮಾತ್ರ ಹರಿಯುವ ಇನ್ನೊಂದು ತೋಡು ಇತ್ತು, ಅದನ್ನು ಮುಚ್ಚಿ ಗಿಡ ಹಾಕಿದ್ದಾರೆ ಅಥವಾ ರಸ್ತೆ ಮಾಡಿದ್ದಾರೆ. ಅದನ್ನು ಬಿಡಿಸಿದ್ರೆ ಮುಖ್ಯ ಹೊಳೆಯ ಒತ್ತಡ ನಿಜವಾಗಿ ಕಡಿಮೆ ಆಗ್ತದೆ, 1,300 ಲೋಡು ತೆಗೆಯುದಕ್ಕಿಂತ ಜಾಸ್ತಿ. ಸರ್ವೆ ನಕ್ಷೆಯಲ್ಲಿ ಇಂಥ ತೋಡು ಸಾಮಾನ್ಯವಾಗಿ ಇರ್ತದೆ, ತಾಲೂಕು ಆಫೀಸಲ್ಲಿ ನಕ್ಷೆಯ ಪ್ರತಿ ತೆಗೆದು ನೋಡಿ.

ಗುಡ್ಡದ ಕಡೆ

ಇದರ ಬಗ್ಗೆ ಸ್ವಲ್ಪವೇ ಹೇಳ್ತೇನೆ, ಹೊಳೆಬದಿಯವರ ಕೈಯಲ್ಲಿ ಹೆಚ್ಚಿಲ್ಲ. ಕಲ್ಲು ಮಣ್ಣು ಬರುದೇ ಅಲ್ಲಿಂದ. ರಸ್ತೆಗೆ, ಕಟ್ಟಡಕ್ಕೆ, ತೋಟಕ್ಕೆ ಅಂತ ಗುಡ್ಡ ಅಗೆದು ಆ ಮಣ್ಣನ್ನು ತೋಡಿನ ಬದಿಗೆ ಸುರಿದದ್ದು ಕಂಡ್ರೆ ಮಳೆಗೆ ಮೊದಲೇ ಪಂಚಾಯತಿಗೂ ತಹಶೀಲ್ದಾರರಿಗೂ ಫೋಟೋ ಸಮೇತ ಕೊಡಿ. ಕೆಳಗಿನವರು ಹೂಳು ತೆಗೆಯುದು, ಮೇಲಿನವರು ಹೂಳು ಹಾಕುದು ಹೀಗೇ ನಡೆದ್ರೆ ಯಾವ ಬಜೆಟೂ ಸಾಲುದಿಲ್ಲ.

ಹಾಗಾದ್ರೆ ಯಾರಿಗೆ ಯಾವುದು

ಸೇತುವೆ, ಕಿಂಡಿ ಅಣೆಕಟ್ಟಿನ ಮೇಲ್ಗಡೆ ತೋಟ ಇದ್ದು ನಿಂತ ನೀರು ಹತ್ತುವವರು ತೋಟದ ಎದುರು ತೋಡಿಸುವ ಆಸೆ ಬಿಟ್ಟು ಕಿಂಡಿ ಬಿಡಿಸುದಕ್ಕೆ ಹಠ ಹಿಡೀರಿ. ತಿರುವಿನ ಹೊರಬದಿಯಲ್ಲಿ ಮನೆ ಇದ್ರೆ ಗೋಡೆ, ತೋಟ ಮಾತ್ರ ಇದ್ರೆ ಮೊದಲು ಮರ, ಬುಡಕ್ಕೆ ಬಂಡೆ, ಗೋಡೆ ಕೊನೆಗೆ. ಘಟ್ಟದ ಬುಡದಲ್ಲೇ, ತೋಡಿನ ಬಾಯಿಯಲ್ಲೇ ಮನೆ ಇದ್ದವರಿಗೆ ಮೇಲೆ ಹೇಳಿದ ಯಾವುದೂ ಪೂರ್ತಿ ರಕ್ಷಣೆ ಅಲ್ಲ, ಬಂಡೆ ಬರುವಾಗ ಗೋಡೆಯೂ ನಿಲ್ಲುದಿಲ್ಲ. ಅಂಥವರು ಜೋರು ಮಳೆಯ ರಾತ್ರಿ ಬೇರೆ ಕಡೆ ಇರುವ ವ್ಯವಸ್ಥೆ ಮೊದಲೇ ಮಾಡಿಡ್ಬೇಕು. ಜೋರು ಮಳೆ ಬರ್ತಾ ಇದ್ದೂ ಹೊಳೆಯ ನೀರು ಇದ್ದಕ್ಕಿದ್ದ ಹಾಗೆ ಕಡಿಮೆ ಆಗಿ ಕೆಂಪು ಬಣ್ಣಕ್ಕೆ ತಿರುಗಿದ್ರೆ ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದಿದೆ ಅಂತ ಅರ್ಥ, ಸಾಮಾನು ನೋಡ್ತಾ ಕೂರದೆ ಹೊರಡಿ.

ಗುಡ್ಡ ಜರಿದ ವರ್ಷವೇ ಹೊಳೆಯ ನಡುವೆ ಹೊಸ ದಿಬ್ಬ ಬಿದ್ದು ನೀರನ್ನು ನಿಮ್ಮ ದಡಕ್ಕೆ ತಳ್ತಾ ಇದ್ರೆ ಅಲ್ಲಿ ಕಲ್ಲು ತೆಗೆಯುದೇ ಸರಿ. ದಿಬ್ಬದ ಒಣ ಭಾಗದಿಂದ ಮಾತ್ರ, ನೀರಿನ ಮಟ್ಟದ ಕೆಳಗೆ ಹೋಗದೆ, ಹೊಳೆ ಹರಿಯುವ ಗೆರೆಯನ್ನು ಮುಟ್ಟದೆ. ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸ್ಬೇಕು, ಹತ್ತುಮೀನು ಹೊರಡುವ ಮೊದಲ ಮಳೆಗೆ ಮೆಷಿನ್ ಹೊಳೆಯಲ್ಲಿ ಇರ್ಲೇಬಾರ್ದು. ಬೇಸಿಗೆಯಲ್ಲಿ ಸುತ್ತಮುತ್ತ ಉಳಿದ ಮೀನೆಲ್ಲ ಒಂದೆರಡು ಕಯದಲ್ಲೇ ಇರ್ತವೆ, ಅಲ್ಲಿಗೆ ಕೆಸರು ನೀರು ಹೋಗದ ಹಾಗೆ, ಆ ಕಯದ ನೀರನ್ನು ಪಂಪಿಟ್ಟು ಖಾಲಿ ಮಾಡದ ಹಾಗೆ ಒಬ್ಬರು ನಿಂತು ನೋಡ್ಬೇಕು. ತುಂಬಿ ಹೋದ ಕಯವನ್ನು ಬಿಡಿಸುದಾದ್ರೆ ದೊಡ್ಡ ಬಂಡೆಗಳನ್ನು ಅಲ್ಲೇ ಬಿಡಿ, ಹೊಯ್ಗೆ ಮಣ್ಣು ಮಾತ್ರ ತೆಗೀರಿ, ಬಂಡೆಯ ಸುತ್ತ ನೀರು ಸುತ್ತಿ ಕಯವನ್ನು ಆಳವಾಗಿ ಇಟ್ಟುಕೊಳ್ತದೆ.

ಗ್ರಾಮಸಭೆಯಲ್ಲಿ ಅರ್ಜಿ ಕೊಡುವಾಗ "ಹೊಳೆಯ ಹೂಳು ತೆಗೆಸಿ ಕೊಡಿ" ಅಂತ ಒಂದೇ ಸಾಲು ಬರೀಬೇಡಿ, ಅದನ್ನು ಹಿಡಿದುಕೊಂಡು ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ತೋಡ್ತಾರೆ. ಯಾವ ಸೇತುವೆ, ಮೇಲಕ್ಕೆ ಎಷ್ಟು ಮೀಟರ್, ಎಷ್ಟು ಆಳ, ಯಾವ ತಿಂಗಳು, ತೆಗೆದದ್ದು ಎಲ್ಲಿಗೆ ಹೋಗ್ತದೆ, ಯಾವ ಕಯ ಮುಟ್ಟಬಾರ್ದು, ಇಷ್ಟನ್ನೂ ಬರೆದು ನಿಮ್ಮ ಫೋಟೋ ಲಗತ್ತಿಸಿ. ಒಂದು ಪ್ರತಿ ಸಣ್ಣ ನೀರಾವರಿ ಇಲಾಖೆಗೆ, ಒಂದು ಮೀನುಗಾರಿಕೆ ಇಲಾಖೆಗೆ ಹೋಗ್ಲಿ. ಜೊತೆಗೆ ಊರಿನ ಪ್ರತಿ ಕಿಂಡಿ ಅಣೆಕಟ್ಟಿನ ಹಲಗೆ ಯಾರು ತೆಗೀಬೇಕು, ಯಾವ ತಾರೀಕಿನ ಒಳಗೆ, ತೆಗೆದ ಹಲಗೆ ಎಲ್ಲಿ ಇಡ್ಬೇಕು ಅಂತ ಆ ಸಭೆಯ ನಡಾವಳಿ ಪುಸ್ತಕದಲ್ಲೇ ಬರೆಸಿ, ಪಿಡಿಒ ಸಹಿ ಆದ ಮೇಲೆ ಅದರ ಪ್ರತಿ ಕೇಳಿ ತೆಗೆದುಕೊಂಡು ಬನ್ನಿ.